ಕೆಳಗಿನ ಚೀಲ ತೋರಿಸೆಂದವರು

೨೦೧೯ನೆಯ ಇಸವಿ, ಜುಲೈ ೨೧, ಭಾನುವಾರ. ಆಧಾರ: ಆ ವರ್ಷದ ನನ್ನ ದಿನಚರಿ. ಒಂದೇ ಆಧಾರವನ್ನು ನಂಬುವ ಅಭ್ಯಾಸ ನನಗಿಲ್ಲ. ಆದ್ದರಿಂದ ಅಡುಗೆಮನೆಯ ಬಾಗಿಲ ಹಿಂದೆ ಈಗಲೂ ತೂಗುತ್ತಿರುವ ಹಳೆಯ ಕ್ಯಾಲೆಂಡರನ್ನು ತಿರುವಿ ವಾರವನ್ನು ತಾಳೆ ನೋಡಿದೆ, ಹೊಂದುತ್ತದೆ. ಅಂದು ಬೆಳಿಗ್ಗೆ ರಾಯಚೂರಿನ ನಮ್ಮ ಓಣಿಯ ಎದುರುಮನೆಯ ಸಾಹುಕಾರರು ತಮ್ಮ ಹಳೆಯ ಬಿಳಿ ಕಾರಿಗಾಗಿ ಎಫ್‌ಎಂ ಟ್ರಾನ್ಸ್‌ಮಿಟರ್ ಎಂಬ ವಸ್ತುವನ್ನು ಆರಿಸಲು ಹೊರಟರು. ನಾನು ಅವರ ಪಕ್ಕದ ಸೀಟಿನಲ್ಲಿದ್ದೆ. ಶಾಸನಗಳ ಬೆನ್ನುಹತ್ತಿ ಈ ಜಿಲ್ಲೆಯ ಊರೂರು ಅಲೆದವನು ನಾನು. ಆದರೂ ಅಂದಿನಷ್ಟು ಉಮೇದಿನಿಂದ ಯಾವ ಕಲ್ಲಿನ ಮುಂದೆಯೂ ನಿಂತ ನೆನಪಿಲ್ಲ.

ಸಾಹುಕಾರರು ಈ ಚಳಿಗಾಲದಲ್ಲಿ ತೀರಿಕೊಂಡರು. ಅವರ ಕುರಿತು ನಾಲ್ಕು ಪುಟ ಬರೆದುಕೊಡಬೇಕೆಂದು ಅವರ ಅಕ್ಕಿ ಗಿರಣಿಯವರು ಕೇಳಿದಾಗ, ಅವರು ಮಠಕ್ಕೆ ಕೊಟ್ಟದ್ದು, ಶಾಲೆಗೆ ಕಟ್ಟಿಸಿದ್ದು ಇವುಗಳ ವಿವರವನ್ನೂ ಕೊಡಲು ಬಂದರು. ಬೇಡವೆಂದೆ. ಹೆಸರನ್ನೂ ಇಲ್ಲಿ ಬರೆಯುತ್ತಿಲ್ಲ. ಆ ಗಿರಣಿಯ ಹಲಗೆಯ ಮೇಲೆ ಕೂಡ ಮನೆದೇವರ ಹೆಸರಿತ್ತೇ ಹೊರತು ಅವರದಿರಲಿಲ್ಲ. ನನಗೆ ಗೊತ್ತಿರುವುದು ಒಬ್ಬ ಮನುಷ್ಯ ಒಂದು ವಸ್ತುವನ್ನು ಹೇಗೆ ಆರಿಸುತ್ತಿದ್ದ ಎಂಬುದು. ಅಷ್ಟನ್ನು ಬರೆಯಬಲ್ಲೆ.

ಭತ್ತದ ವ್ಯಾಪಾರದಲ್ಲಿ ಒಂದು ಪದ್ಧತಿಯಿದೆ. ಮಾರಲು ತಂದವನು ಸಹಜವಾಗಿ ಒಳ್ಳೆಯ ಮಾಲಿನ ಚೀಲಗಳನ್ನು ಮೇಲೆ ಇಟ್ಟಿರುತ್ತಾನೆ. ಕೊಳ್ಳುವವನು ಅವುಗಳನ್ನು ಸರಿಸಿ, ತೀರ ಅಡಿಯಲ್ಲಿರುವ ಚೀಲಕ್ಕೆ ಮೊನಚಾದ ಕೊಳವೆಯನ್ನು ಚುಚ್ಚಿ, ಒಂದು ಹಿಡಿ ಕಾಳು ತೆಗೆದು, ಅಂಗೈಗಳ ನಡುವೆ ಉಜ್ಜಿ, ಹೊಟ್ಟು ಊದಿ ನೋಡುತ್ತಾನೆ. ಸಾಹುಕಾರರು ಗಿರಣಿಯಲ್ಲಿ ಕಲಿತ ಈ ವಿದ್ಯೆಯನ್ನು ಗಿರಣಿಯ ಹೊರಗೂ ಬಿಡಲಿಲ್ಲ. ಸೀಲಿಂಗ್ ಫ್ಯಾನು ಕೊಳ್ಳಲು ಹೋದರೆ ಮಧ್ಯಾಹ್ನ ಊಟ ಮುಗಿಸಿಯೇ ಹೋಗುವರು. ಅಂಗಡಿಯಲ್ಲಿ ಅದರ ಕೆಳಗೆ ಚಾಪೆ ಹಾಕಿಸಿಕೊಂಡು ಒಂದು ನಿದ್ದೆ ತೆಗೆಯುವರು. ಎಚ್ಚರವಾದಾಗ ಬೆವರಿದ್ದರೆ ಆ ಫ್ಯಾನು ಬೇಡ. ತಮ್ಮನ ಮಗಳಿಗೆ ಗಂಡು ನೋಡುವಾಗ, ನಿಗದಿಯಾದ ದಿನ ಬಿಟ್ಟು, ಹೇಳದೆ ಕೇಳದೆ, ಬೀಗರಾಗುವವರು ಮನೆಗೆ ಸುಣ್ಣ ಹೊಡೆಸುತ್ತಿದ್ದ ದಿನ ಹೋಗಿ ಕುಳಿತಿದ್ದರು. "ಸಾಮಾನು ಎಲ್ಲಾ ಅಂಗಳದಾಗ ಚೆಲ್ಯಾಡಿರ್ತದ. ಅಂಥಾದ್ರಾಗೂ ಬಂದವ್ರಿಗೆ ನೀರು ಕೊಟ್ರು ನೋಡ್ರಿ. ಅದು ಕೆಳಗಿನ ಚೀಲ" ಎಂದು ಬಂದು ಹೇಳಿದರು. ಆ ಸಂಬಂಧ ಗಟ್ಟಿಯಾಯಿತು.

ನನ್ನನ್ನು ಅವರು ಕರೆಯುತ್ತಿದ್ದುದು 'ತಾರೀಖಿನ ಸಾಹೇಬ್ರು' ಎಂದು. ನನ್ನ ಪುಸ್ತಕವೊಂದನ್ನು ಕೊಟ್ಟಾಗ ಕೊನೆಯ ಪುಟಗಳ ಅಡಿಟಿಪ್ಪಣಿಗಳಿಂದಲೇ ಓದಲು ಆರಂಭಿಸಿ, "ಮಾಲು ಇಲ್ಲಿ ಅದ ಅಂತ ಮೊದ್ಲ ಹೇಳಬಾರದೇನ್ರಿ?" ಎಂದಿದ್ದರು. ವಿಮರ್ಶಕರು ಯಾರೂ ನನ್ನನ್ನು ಇಷ್ಟು ಸಂತೋಷಪಡಿಸಿಲ್ಲ.

ಇನ್ನು ಟ್ರಾನ್ಸ್‌ಮಿಟರ್ ಏಕೆ ಬೇಕಾಯಿತೆಂಬುದು. ಸಾಹುಕಾರರ ಪತ್ನಿಯನ್ನು ಓಣಿಯೆಲ್ಲ ಅವ್ವನವರು ಎನ್ನುತ್ತದೆ. ಅವರಿಗೆ ವಾಹನವೆಂದರೆ ವಾಂತಿ. ಬಸ್ಸಾಗಲಿ ಕಾರಾಗಲಿ, ಊರು ದಾಟುವಷ್ಟರಲ್ಲಿ ಮುಖ ಬಿಳಿಚಿಕೊಂಡು, ಹಣೆಯಲ್ಲಿ ಬೆವರೊಡೆದು, "ನಿಲ್ಲಿಸ್ರಿ" ಎನ್ನುವರು. ಗುಳಿಗೆ, ಲಿಂಬೆಹಣ್ಣು, ಕಿಟಕಿಯ ಸೀಟು ಎಲ್ಲವೂ ಆಗಿತ್ತು. ತಂದೆತಾಯಿಯರಿಲ್ಲದ ಅವರಿಗೆ ತವರೆಂದರೆ ದೇವದುರ್ಗದಲ್ಲಿದ್ದ ಅಕ್ಕನ ಮನೆ. ಅಕ್ಕ ಅಲ್ಲಿ ಸೋಮವಾರದ ಭಜನೆಯ ಮುಖ್ಯ ದನಿ. ಈಚೆಗೆ ಮಂಡಿ ಹಿಡಿದುಕೊಂಡು ಹೊಸ್ತಿಲು ದಾಟದವರಾಗಿದ್ದರು. ಮೊದಲೆಲ್ಲ ಅವರೇ ರಾಯಚೂರಿಗೆ ಬರುತ್ತಿದ್ದರು. ಈಗ ಅವರು ಬರಲಾರರು, ಇವರು ಹೋಗಲಾರರು. ನಾಗರ ಪಂಚಮಿಗೆ ತವರಿಗೆ ಹೋಗಲಾಗದ ಹೆಣ್ಣುಮಗಳ ಮುಖವನ್ನು ಈ ಸೀಮೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಹಬ್ಬದ ಉಂಡಿಗಳನ್ನು ಅವರು ಡಬ್ಬಿಯಲ್ಲಿ ತುಂಬಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸುತ್ತಿದ್ದುದನ್ನು ನಾನೇ ನೋಡಿದ್ದೇನೆ.

ಆ ವರ್ಷ ಸಾಹುಕಾರರು ಒಂದು ಸಂಗತಿಯನ್ನು ಪತ್ತೆಮಾಡಿದರು. ಆಸ್ಪತ್ರೆಗೆ ಹೋಗಿ ಬರುವಾಗ ಅವರ ಕಾರು ಒಂದು ಮದುವೆ ಮೆರವಣಿಗೆಯ ಹಿಂದೆ ಸಿಕ್ಕಿಕೊಂಡಿತು. ಹಾಡು ಕೇಳುತ್ತಿದ್ದಷ್ಟು ಹೊತ್ತೂ ಅವ್ವನವರು ತಾಳ ಹಾಕುತ್ತ ಕುಳಿತಿದ್ದರು. ಮೆರವಣಿಗೆ ತಿರುಗಿಹೋದ ಮೇಲೆ ಹೊಟ್ಟೆ ತೊಳೆಸಿತು. ಮರುದಿನ ಸಾಹುಕಾರರು ನಮ್ಮ ಕಟ್ಟೆಗೆ ಬಂದವರು ನಿಂತೇ ಹೇಳಿದರು: "ಸಾಹೇಬ್ರ, ಸಿಕ್ತು. ಹಾಡು ಹತ್ತಿರ ಇರಬೇಕು, ಜೋರು ಇರಬೇಕು, ನಡುವ ಹರೀಬಾರದು. ಅಷ್ಟಾದ್ರ ಆಕಿ ದೇವದುರ್ಗ ಅಲ್ಲ, ದಿಲ್ಲಿಗೂ ಬರ್ತಾಳ."

ಕಾರಿನ ಟೇಪು ಕೊನೆಯ ಕ್ಯಾಸೆಟ್ಟನ್ನು ನುಂಗಿ ವರ್ಷಗಳಾಗಿದ್ದವು. ಅದರ ರೇಡಿಯೋ ಮಾತ್ರ ಗಟ್ಟಿಮುಟ್ಟಾಗಿತ್ತು. ದೇವದುರ್ಗದಿಂದ ಧ್ವನಿಮುದ್ರಿಸಿ ತರಿಸಿದ್ದ ಅಕ್ಕನ ಭಜನೆ ಸಾಹುಕಾರರ ಮೊಬೈಲಿನಲ್ಲಿತ್ತು, ಆದರೆ ಅದರ ಸದ್ದು ಇಂಜಿನ್ನಿನ ಸದ್ದಿನಲ್ಲಿ ಮುಳುಗುತ್ತಿತ್ತು. ಕಿವಿಗೆ ಸಿಕ್ಕಿಸಿಕೊಳ್ಳುವ ತಂತಿಯನ್ನು ಅವ್ವನವರು ಒಂದೇ ಸಲ ಪ್ರಯತ್ನಿಸಿ, "ಕಿವ್ಯಾಗ ಹುಳ ಹೊಕ್ಕಂಗ ಆಗ್ತದ" ಎಂದು ಕಿತ್ತಿಟ್ಟಿದ್ದರು. ಹೊಸ ಸಂಗೀತದ ಪೆಟ್ಟಿಗೆ ಕೂಡಿಸಬೇಕೆಂದರೆ ಕಾರಿನ ಮುಂಭಾಗವನ್ನು ಕೊರೆಯಬೇಕು. ಅದಕ್ಕೆ ಸಾಹುಕಾರರು ಒಪ್ಪಲಿಲ್ಲ. ಉಳಿದದ್ದು ಈ ಪುಟ್ಟ ಯಂತ್ರ. ಇದು ಮೊಬೈಲಿನ ಹಾಡನ್ನು ತೆಗೆದುಕೊಂಡು ಕಾರಿನೊಳಗೇ ಒಂದು ಕಿರು ಬಾನುಲಿ ಕೇಂದ್ರವಾಗಿ ಬಿತ್ತರಿಸುತ್ತದೆ. ಕಾರಿನ ರೇಡಿಯೋವನ್ನು ಅದೇ ನಂಬರಿಗೆ ತಿರುಗಿಸಿದರೆ ಹಾಡು ದೊಡ್ಡ ಸ್ಪೀಕರುಗಳಲ್ಲಿ ಬರುತ್ತದೆ. ಷರತ್ತು ಒಂದೇ: ಆ ನಂಬರಿನಲ್ಲಿ ಬೇರೆ ಯಾವ ನಿಲಯವೂ ಇರಬಾರದು.

ಹೀಗೆ ನಾವು ಬಜಾರಿನ ಭಾಯಿಯ ಅಂಗಡಿಗೆ ಬಂದೆವು. ಮೊಬೈಲ್ ಕವರು, ಚಾರ್ಜರುಗಳ ಕಿರಿದಾದ ಅಂಗಡಿ. ಭಾಯಿಗೆ ನಲವತ್ತರ ಮೇಲಿನ ವಯಸ್ಸು, ಬಾಯಿಗೆ ಬಿಡುವಿಲ್ಲ.

"ಆವೋ ಸಾಹುಕಾರ್, ಬರ್ರಿ ಬರ್ರಿ. ಎಫ್‌ಎಂ ಅಲ್ಲೇನ್ರಿ? ಮೂರು ನಮೂನಿ ಅದಾವ. ಎಲ್ಲಾ ಏಕ್ದಮ್ ಚಲೋ."

"ಎಲ್ಲಾ ಚಲೋ ಅಂದ್ರ ನೀ ಮ್ಯಾಲಿನ ಚೀಲ ತೋರಸಾಕತ್ತೀದಿ. ಕೆಳಗಿನ ಚೀಲ ತೋರಿಸು."

ಭಾಯಿ ಗಲ್ಲಾಪೆಟ್ಟಿಗೆಯ ಕೆಳಗೆ ಬಗ್ಗಿ ನೋಡಿ ಎದ್ದ. "ಕೆಳಗ ನನ್ನ ಊಟದ ಡಬ್ಬಿ ಅದರೀ."

"ಮೂರೂ ಕೊಡು. ಕಾರಿನ್ಯಾಗ ಹಚ್ಚಿ ನೋಡಿ, ಬೇಕಾದ್ದು ಇಟಗೊಂಡು, ಉಳದದ್ದು ತಂದು ಕೊಡ್ತೀನಿ."

"ಅಯ್ಯೋ ಅಲ್ಲಾ! ಇದು ಅಕ್ಕಿ ಅಲ್ಲ ಸಾಹುಕಾರ್. ಒಂದ್ ಸಲ ಚುಚ್ಚಿದ್ರ ಸೆಕೆಂಡ್ ಹ್ಯಾಂಡ್ ಆಗ್ತದ. ಆಮ್ಯಾಲೆ ಯಾರ್ ತಗೋತಾರ?"

"ಹಂಗಾರ ನೀನೂ ಬಾ. ನೀನ ಚುಚ್ಚು, ನೀನ ತೆಗಿ. ನಿನ್ನ ಕೈ ಬಿಟ್ಟು ಹೋಗಂಗಿಲ್ಲ ಮಾಲು."

ಭಾಯಿ ನನ್ನತ್ತ ನೋಡಿದ. ನಾನು ಶಾಸನ ಓದುವವನ ಗಾಂಭೀರ್ಯದಿಂದ ತಲೆಯಾಡಿಸಿದೆ. ಅವನು "ಚಲೋ, ಸಂಡೇ ಐತಿ, ಗಿರಾಕಿ ಭೀ ಕಮ್ಮಿ" ಎಂದು ಶಟರನ್ನು ಎಳೆದೇಬಿಟ್ಟ. ಅಂಗಡಿಯವನನ್ನೇ ಸಾಮಾನಿನೊಂದಿಗೆ ಮಾದರಿಯಾಗಿ ಎತ್ತಿಕೊಂಡು ಹೋದ ಗ್ರಾಹಕನನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಮೊದಲ ಯಂತ್ರ ಎಲ್ಲಕ್ಕಿಂತ ಅಗ್ಗದ್ದು. ಅದರಲ್ಲಿ ನಾಲ್ಕೇ ನಿಗದಿತ ನಂಬರುಗಳು. ಖಾಲಿ ಜಾಗವನ್ನು ನಾವು ಹುಡುಕುವಂತಿಲ್ಲ, ಅದು ಹೇಳಿದಲ್ಲಿ ಕೂಡಬೇಕು. ರೈಲ್ವೆ ಗೇಟು ಬಿದ್ದಿತ್ತು. ನಾವು ನಿಂತಿದ್ದಾಗ ಪಕ್ಕದ ಆಟೋದವನು ತನ್ನ ರೇಡಿಯೋದ ಮೇಲೆ ಪಟಪಟನೆ ಹೊಡೆಯತೊಡಗಿದ. ಅವನು ಸಿನಿಮಾ ಹಾಡು ಕೇಳುತ್ತಿದ್ದ ನಿಲಯದ ಮೇಲೆಯೇ ನಮ್ಮ ಯಂತ್ರ ಕುಳಿತಿತ್ತು. ಅವನ ಆಟೋದಲ್ಲಿ ದೇವದುರ್ಗದ ಅಕ್ಕನ ಭಜನೆ ಕೇಳಿಬರುತ್ತಿತ್ತು.

"ಏನಾತಲೇ ಇದಕ್ಕ? ಸ್ವಾಮಿಗೋಳು ಹೊಕ್ಕಾರೇನು ಇದರಾಗ?" ಎಂದು ಆಟೋದವನು ತನ್ನಷ್ಟಕ್ಕೆ ಕೂಗಿದ.

ಸಾಹುಕಾರರು ಕಿಟಕಿಯಿಂದ ತಲೆ ಹಾಕಿ, "ಕೇಳೋ ತಮ್ಮಾ, ಚಲೋ ಆಗ್ತದ" ಎಂದರು. ಗೇಟು ತೆರೆದ ಕೂಡಲೆ ಭಾಯಿ ಯಂತ್ರವನ್ನು ಕಿತ್ತು ಜೇಬಿಗಿಟ್ಟುಕೊಂಡ. "ಇದು ಫೇಲ್. ಪೊಲೀಸ್ನವ್ರ ಬಾಜೂಕ ನಿಂತ್ರ ನನ್ನ ಅಂಗಡಿ ಬಂದ್."

ಎರಡನೆಯದು ತನ್ನದೇ ಪುಟ್ಟ ಬ್ಯಾಟರಿಯಿಂದ ನಡೆಯುವಂಥದು. ದನಿ ತಿಳಿಯಾಗಿತ್ತು, ಆದರೆ ಬಡಕಲು. ಹಿಂದಿನ ಸೀಟಿನಲ್ಲಿ ಕುಳಿತು ಒಂದು ಕಣ್ಣು ಮುಚ್ಚಿ ಕೇಳಿದ ಸಾಹುಕಾರರು (ಕಾರನ್ನು ಆಗ ಭಾಯಿ ನಡೆಸುತ್ತಿದ್ದ) "ಅಕ್ಕಾರು ಉಪವಾಸ ಮಾಡಿ ಹಾಡಿದಂಗ ಅದ" ಎಂದರು. ಅದೂ ಜೇಬಿಗೆ ಹೋಯಿತು.

ಮೂರನೆಯದು ಸಿಗರೇಟು ಹೊತ್ತಿಸಲೆಂದು ಕಾರಿನಲ್ಲಿರುವ ತೂತಿಗೆ ಸಿಕ್ಕಿಸುವಂಥದು. ನೀಲಿ ಬೆಳಕಿನ ಪರದೆ. ಬೇಕಾದ ನಂಬರನ್ನು ನಾವೇ ಇಡಬಹುದು. ಒಮ್ಮೆ ಇಟ್ಟದ್ದನ್ನು ಮರೆಯುವುದಿಲ್ಲ. ದನಿ ತುಂಬಿ ಬಂತು, ಆದರೆ ಅದರ ಹಿಂದೆ ಗುಂಯ್ ಎಂಬ ಸದ್ದೊಂದು ವೇಗ ಹೆಚ್ಚಿದಂತೆಲ್ಲ ಏರುತ್ತಿತ್ತು. ಭಾಯಿ, ಫೋನನ್ನು ಅದೇ ಯಂತ್ರದಿಂದ ಚಾರ್ಜಿಗೆ ಹಾಕಿದ್ದನ್ನು ತೆಗೆದ, ಸದ್ದು ನಿಂತಿತು. ಅಕ್ಕನ ದನಿ ಎತ್ತರಕ್ಕೇರಿದಾಗ ಒಡೆಯುತ್ತಿತ್ತು. ಫೋನಿನ ದನಿಯನ್ನು ಸ್ವಲ್ಪ ಇಳಿಸಿ ಕಾರಿನ ದನಿಯನ್ನು ಏರಿಸಿದೆವು, ಅದೂ ಸರಿಹೋಯಿತು. ನಾನು ರೇಡಿಯೋದ ಮುಳ್ಳನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಸಿ, ಎಡಬಲದಲ್ಲೂ ಯಾರೂ ಇಲ್ಲದ ಒಂದು ಖಾಲಿ ನಂಬರನ್ನು ಗೊತ್ತುಮಾಡಿದೆ. ಎರಡು ಸಾಮ್ರಾಜ್ಯಗಳ ನಡುವೆ ಯಾರ ಶಾಸನವೂ ಇಲ್ಲದ ಹಳ್ಳಿಯೊಂದನ್ನು ಕಂಡುಹಿಡಿದಷ್ಟು ಹಿಗ್ಗಾಯಿತು.

"ಊರಾಗ ಚಲೋ ಅದ ಅಂದ್ರ ಏನಾತು? ದಾರ್ಯಾಗ ನೋಡಬೇಕು" ಎಂದು ಸಾಹುಕಾರರು ಮತ್ತೆ ಚಕ್ರ ಹಿಡಿದರು. ಊರು ದಾಟಿತು, ರಸ್ತೆ ಕವಲೊಡೆಯಿತು, ಕಾರು ತಿರುಗಿತು, ಹಾಡು ಎಲ್ಲೂ ಕಡಿಯಲಿಲ್ಲ. ನಾವು ಕುರ್ಡಿಯವರೆಗೂ ಹೋದೆವು. ಅಲ್ಲಿ ಪರಿಚಯದ ಭತ್ತದ ವ್ಯಾಪಾರಿಯ ಮುಂದೆ ಕಾರು ನಿಲ್ಲಿಸಿ, ನಾಲ್ಕೂ ಬಾಗಿಲು ತೆರೆದು, ಸಾಹುಕಾರರು ಹಾಡು ಕೇಳಿಸಿದರು. ಚಹಾ ಬಂತು. ಬರುವಾಗಲೂ ಹಾಡು ಕಡಿಯಲಿಲ್ಲ. ಭಾಯಿ ಹಿಂದಿನ ಸೀಟಿನಲ್ಲಿ ಭಜನೆಗೆ ಚಿಟಿಕೆ ಹಾಕುತ್ತಿದ್ದ. "ಸಾಹುಕಾರ್, ನಿಮ್ಮ ಅಕ್ಕಾರ್ದು ಗಲಾ ಏನ್ ಗಲಾ ಅದರೀ" ಎಂದು ಆ ಕಂಠವನ್ನು ಮೆಚ್ಚಿದ. ಆ ಯಂತ್ರವೇ ಗಟ್ಟಿಯಾಯಿತು.

ಎರಡು ವಾರಗಳ ತರುವಾಯ, ಪಂಚಮಿಯ ಹಿಂದಿನ ದಿನ, ಭಾನುವಾರ ಬೆಳಿಗ್ಗೆ ಅವ್ವನವರು ಉಂಡಿಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕುಳಿತರು. ಹಸಿರು ಇಳಕಲ್ ಸೀರೆ, ಕೈಯಲ್ಲಿ ಮುದ್ದೆಯಾಗಿ ಹಿಡಿದ ಪ್ಲಾಸ್ಟಿಕ್ ಚೀಲ. ಅದು ಏತಕ್ಕೆಂದು ಎಲ್ಲರಿಗೂ ಗೊತ್ತಿತ್ತು. ಅಕ್ಕನ ಹಾಡು ಶುರುವಾಯಿತು. ಊರು ದಾಟುವಾಗ, ಸಾಹುಕಾರರ ಪಕ್ಕ ಕುಳಿತಿದ್ದ ನಾನು ಕನ್ನಡಿಯಲ್ಲಿ ನೋಡಿದೆ: ಅವ್ವನವರ ಬೆರಳು ಡಬ್ಬಿಯ ಮುಚ್ಚಳದ ಮೇಲೆ ತಾಳ ಹಾಕುತ್ತಿತ್ತು. ಅಷ್ಟರಲ್ಲಿ ರಸ್ತೆ ಕವಲೊಡೆಯಿತು. ಸಾಹುಕಾರರು ದೇವದುರ್ಗದ ಕಡೆ ತಿರುಗಿಸಿದರು.

"ಸಾಹುಕಾರ್ರ," ಎಂದೆ ಮೆಲ್ಲಗೆ, "ನಾವು ಪರೀಕ್ಷೆ ಮಾಡಿದ್ದು ಮಾನ್ವಿ ರಸ್ತೆಯಲ್ಲಿ. ಕುರ್ಡಿ ಇರುವುದು ಆ ಕಡೆ."

ಆಯುಷ್ಯವೆಲ್ಲ ಆ ಕವಲಿನಲ್ಲಿ ಅವರು ಭತ್ತಕ್ಕಾಗಿ ಮಾನ್ವಿಯ ಕಡೆಗೇ ತಿರುಗಿದವರು. ಪರೀಕ್ಷೆಯ ದಿನ ಕೂಡ ಕೈ ತಾನಾಗಿ ಆ ಕಡೆ ತಿರುಗಿಸಿತ್ತು. ಕೆಳಗಿನ ಚೀಲಕ್ಕೆ ಹೆಸರಾದವರು ಬೇರೆಯವರ ಚೀಲಕ್ಕೆ ಚುಚ್ಚಿ ಬಂದಿದ್ದರು.

"ಭತ್ತದ ರಸ್ತಿ ಅದು. ಕಾರಿಗೆ ಅದ ಗೊತ್ತು" ಎಂದರು. ಆಮೇಲೆ ದನಿಯನ್ನು ಇನ್ನೂ ತಗ್ಗಿಸಿ, "ಸುಮ್ನಿರ್ರಿ. ಆಕಿಗೆ ಕೇಳಸ್ತದ."

"ಏನ್ರೀ ಗುಸುಗುಸು ಮುಂದ?" ಎಂದರು ಅವ್ವನವರು.

"ಸಾಹೇಬ್ರು ತಾರೀಖು ಕೇಳಾಕತ್ತಾರ."

ದಾರಿಯ ನಡುವಿನ ಗಬ್ಬೂರು ಇನ್ನೂ ಸ್ವಲ್ಪ ದೂರವಿತ್ತು. ಮೋಡ ಕವಿದಿತ್ತು, ರಸ್ತೆ ಸಣ್ಣ ಏರಿನ ಮೇಲಿತ್ತು. ಅಕ್ಕನ ದನಿಯಲ್ಲಿ ಮೊದಲು ಒಂದು ಚರಪರ ಸದ್ದು ಕೇಳಿಸಿತು; ಆಮೇಲೆ, ಭಜನೆಯ ಪದವೊಂದರ ಅರ್ಧದಲ್ಲಿ, ಯಾವುದೋ ತೆಲುಗು ನಿಲಯದ ಸೀರೆ ಅಂಗಡಿಯ ಜಾಹೀರಾತು ಗದ್ದಲದೊಂದಿಗೆ ನುಗ್ಗಿತು. ಹಿಂದೆ ಪ್ಲಾಸ್ಟಿಕ್ ಚೀಲದ ಸರಸರ ಕೇಳಿಸಿತು. ನಾನು ಯಂತ್ರದ ನಂಬರು, ರೇಡಿಯೋದ ನಂಬರು ಎರಡನ್ನೂ ಬದಲಿಸಲು ತಡಕಾಡಿದೆ. ಮುಂದಿನದು, ನನ್ನ ನೆನಪಿನಲ್ಲಿ ಇರುವಂತೆ, ಹೀಗೆ: ಯಂತ್ರ ಕೈಕೊಟ್ಟಿತು, ಹಿಂದಿನ ಸೀಟಿನಿಂದ ಅವ್ವನವರು ಅಕ್ಕ ಬಿಟ್ಟಲ್ಲಿಂದ ಆ ಪದವನ್ನು ಎತ್ತಿಕೊಂಡರು. ಗಬ್ಬೂರಿನವರೆಗೂ ಹಾಡಿದರು. ಗಬ್ಬೂರಿನಲ್ಲಿ ಕಾರು ನಿಲ್ಲಿಸಿದಾಗ, ಮನೆಯ ಹೊರಗೆ ಪ್ರಯಾಣದಲ್ಲಿ ಎಂದೂ ನೀರೂ ಕುಡಿಯದಿದ್ದ ಆ ತಾಯಿ, "ಮಿರ್ಚಿ ಭಜಿ ವಾಸನಿ ಎಲ್ಲಿಂದ ಬರಾಕತ್ತದ?" ಎಂದು ಕೇಳಿದರು. ಸಾಹುಕಾರರು ಕಾರಿನಿಂದ ಇಳಿದು ಓಡಿದ ರೀತಿಯನ್ನು ನೋಡಬೇಕಿತ್ತು!

ದೇವದುರ್ಗದ ಹೊಸ್ತಿಲಲ್ಲಿ ಅಕ್ಕ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು. ಕೈಯಲ್ಲಿ ಹೆಚ್ಚಿದ ಲಿಂಬೆಹಣ್ಣು.

"ತಂಗೀ, ಅರ್ಧ ಜೀವ ಆಗಿ ಇಳೀತಿ ಅಂತ ಹಿಡ್ಕೊಂಡು ಕುಂತೀನಿ. ನೀ ನೋಡಿದ್ರ ಭಜಿ ತಿಂದು ಬಂದಂಗ ಕಾಣ್ತೀದಿ!"

"ತಿಂದೇ ಬಂದೀನಿ ಅಕ್ಕಾ."

"ಲಿಂಬಿಹಣ್ಣು ಇತ್ಲಾಗ ಕೊಡ್ರಿ ಅಕ್ಕಾರ," ಎಂದರು ಸಾಹುಕಾರರು. "ಶರಬತ್ ಮಾಡಸೋಣು. ನನಗ ಬೇಕಾಗೇದ."

ಅಕ್ಕತಂಗಿಯರು ಒಬ್ಬರ ಕೈಯನ್ನೊಬ್ಬರು ಹಿಡಿದುಕೊಂಡು ಅಂದು ಸಂಜೆಯವರೆಗೆ ಬಿಡಲಿಲ್ಲ.

ಆಮೇಲಿನ ವರ್ಷಗಳಲ್ಲಿ, ಕೊರೋನಾದಿಂದ ಮುಚ್ಚದೆ ರಸ್ತೆಗಳು ತೆರೆದಿದ್ದಾಗಲೆಲ್ಲ, ಅವ್ವನವರು ಪಂಚಮಿಗೆ ತವರಿಗೆ ಹೋದರು. ಕಾರಿನಲ್ಲಿ ತಾವೇ ಹಾಡಿಕೊಂಡು ಹೋಗುತ್ತಿದ್ದರು. ಸಾಹುಕಾರರು ಈ ಕಥೆಯನ್ನು ಹೇಳದ ಮದುವೆಯಿಲ್ಲ, ಗೃಹಪ್ರವೇಶವಿಲ್ಲ. ಯಂತ್ರವನ್ನು ಆರಿಸಿದ್ದು, ಆಟೋದವನ ಗಾಬರಿ, ತಾವು ತಪ್ಪು ರಸ್ತೆ ಹಿಡಿದದ್ದು ಎಲ್ಲವನ್ನೂ ಹೇಳಿ, ಕೊನೆಗೆ ಎರಡೂ ಕೈ ಝಾಡಿಸಿ, "ಮಷೀನು ಸೋತತು, ನಮ್ಮಾಕಿ ಗೆದ್ದಳು" ಎಂದು ಮುಗಿಸುವರು. ಆ ಪ್ರಯಾಣದಲ್ಲಿ ಇಲ್ಲದೇ ಇದ್ದ ಭಾಯಿ ಕೂಡ ಈಗ ಅದನ್ನು ಕಣ್ಣಾರೆ ಕಂಡವನಂತೆ ಗಿರಾಕಿಗಳಿಗೆ ಹೇಳುತ್ತಾನೆ. ಸಾಹುಕಾರರು ಮಾತ್ರ ಎಂದೂ ಹಾಡಿದವರಲ್ಲ. ಭಜನೆಯಲ್ಲಿ ಬಾಗಿಲ ಬಳಿ ಕುಳಿತು ತಲೆದೂಗುವರು, ಒಂದು ಸಾಲಾದರೂ ಹೇಳಿರೆಂದು ಒತ್ತಾಯಿಸಿದರೆ, "ನನ್ನ ದನಿ ಗಿರಣಿ ಬೆಲ್ಟಿಂದು. ಹಾಡಿದ್ರ ಮಂದಿ ಎಣ್ಣಿ ಹಾಕಾಕ ಬರ್ತಾರ" ಎನ್ನುವರು. ಅವರ ಅಂತ್ಯಕ್ರಿಯೆಯ ದಿನ ಭಜನೆಯವರು ಬಾಗಿಲ ಬಳಿಯ ಆ ಜಾಗದಲ್ಲಿ ಯಾರೂ ಕೂಡದಂತೆ ನೋಡಿಕೊಂಡರು.

ಇಲ್ಲಿಯವರೆಗೆ ಬರೆದ ಮೇಲೆ ಪದ್ಧತಿಯಂತೆ ತಾಳೆ ನೋಡಲೆಂದು ದೇವದುರ್ಗಕ್ಕೆ, ಅಕ್ಕನ ಮಗನಿಗೆ, ಫೋನು ಮಾಡಿದೆ. ಅವರ ಮೊಬೈಲಿನಲ್ಲಿ ಬಂದ ಕರೆಗಳೆಲ್ಲ ತಾವಾಗಿ ಧ್ವನಿಮುದ್ರಿತವಾಗುತ್ತವೆಯಂತೆ. ಆ ದಿನ ಗಬ್ಬೂರಿಗಿಂತ ಮುಂಚೆ ಅವ್ವನವರು ತಮ್ಮ ಫೋನಿನಿಂದ "ಬರಾಕತ್ತೀವಿ" ಎಂದು ಹೇಳಲು ಕರೆ ಮಾಡಿ, ಕಡಿಯುವುದನ್ನು ಮರೆತು ಫೋನನ್ನು ಮಡಿಲಲ್ಲಿಟ್ಟುಕೊಂಡಿದ್ದರು. ಹಳೆಯದನ್ನು ಹುಡುಕಿ ಅವರು ನನಗೆ ಕಳಿಸಿದರು. ಅದರ ಮೇಲಿನ ತಾರೀಖು ೪ ಆಗಸ್ಟ್ ೨೦೧೯, ಭಾನುವಾರ, ಕ್ಯಾಲೆಂಡರಿಗೆ ಹೊಂದುತ್ತದೆ. ಒಳಗಿರುವುದು ಮೇಲೆ ನಾನು ಬರೆದದ್ದಕ್ಕೆ ಹೊಂದುವುದಿಲ್ಲ.

ಸೀರೆ ಅಂಗಡಿಯ ಜಾಹೀರಾತು ಸ್ಪಷ್ಟವಾಗಿದೆ. ಪ್ಲಾಸ್ಟಿಕ್ ಚೀಲದ ಸರಸರವೂ ಇದೆ. ಅದರ ಬೆನ್ನಿಗೆ, ಅಕ್ಕ ಬಿಟ್ಟ ಪದವನ್ನು ಎತ್ತಿಕೊಳ್ಳುವುದು ಒಬ್ಬ ಗಂಡಸಿನ ದನಿ: ಒರಟು, ಒಡಕು, ರಾಗಕ್ಕೂ ಅದಕ್ಕೂ ದೂರ. ಸಾಹುಕಾರರದು. ಎರಡನೆಯ ಸಾಲಿಗೆ ಅವ್ವನವರು, "ಹಂಗಲ್ರೀ! ಅಲ್ಲಿ ಏರಸಬೇಕು" ಎನ್ನುತ್ತಾರೆ. ಅವರು ಏರಿಸುತ್ತಾರೆ, ಇನ್ನೂ ಕೆಡುತ್ತದೆ. "ಬಿಡ್ರಿ, ಅಕ್ಕ ಕೇಳಿದ್ರ ಅಳ್ತಾಳ" ಎಂದು ನಗುತ್ತ ಅವ್ವನವರು ಆ ಸಾಲನ್ನು ಅವರ ಬಾಯಿಂದ ಕಸಿದುಕೊಳ್ಳುತ್ತಾರೆ. ಅವರ ದನಿ ಏರುತ್ತದೆ. ಸಾಹುಕಾರರದು ತಗ್ಗಿ, ಅದರ ಅಡಿಯಲ್ಲಿ ಉಳಿಯುತ್ತದೆ.

ಆಮೇಲೆ ನನ್ನದೇ ದನಿ ಇದೆ. ಅದರ ನೆನಪು ನನಗಿಲ್ಲ. "ಸಿಕ್ಕಿತು ಸಾಹುಕಾರ್ರ! ಖಾಲಿ ನಂಬರ್ ಸಿಕ್ಕಿತು" ಎನ್ನುತ್ತಿದ್ದೇನೆ. ಅಕ್ಕನ ಭಜನೆ ಸ್ಪೀಕರಿನಲ್ಲಿ ನಿಚ್ಚಳವಾಗಿ ಮರಳಿ ಬರುತ್ತದೆ. ಯಂತ್ರ ಸೋತಿರಲಿಲ್ಲ. ಒಂದು ಸಾಲು ಮುಗಿಯುವ ಮುಂಚೆಯೇ ಸಾಹುಕಾರರು ಹೇಳುವುದು ಧ್ವನಿಮುದ್ರಿಕೆಯಲ್ಲಿ ಕೇಳುತ್ತದೆ:

"ಬ್ಯಾಡ್ರೀ ಸಾಹೇಬ್ರ. ಆರಸ್ರಿ ಅದನ್ನ. ಆಕಿ ಹಾಡಾಕತ್ತಾಳ."